ಉಂಗುರ ತೊಟ್ಟ ಹೊಗೆಸೊಪ್ಪು

ಪುಣೆಯ ದೊಡ್ಡ ಹೋಟೆಲೊಂದರಲ್ಲಿ ನಿಶ್ಚಿತಾರ್ಥ. ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ ಮುಗಿಸಿಕೊಂಡು ಎರಡೂ ಕಡೆಯ ಹಿರಿಯರು ಬಂದಿದ್ದಾರೆ. ಸೂರ್ಯಾಸ್ತಕ್ಕೆ ಮುನ್ನ ಊಟವಾಗಬೇಕೆಂದು ಅಡುಗೆಯವರಿಗೆ ತಿಂಗಳ ಮೊದಲೇ ತಾಕೀತಾಗಿದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬೇಯಿಸಿದ ಪಾತ್ರೆಗಳನ್ನು ಬಳಸಕೂಡದೆಂದು ಲಿಖಿತ ಕರಾರೂ ಆಗಿದೆ. ಕುಡಿಯುವ ನೀರನ್ನು ಸೋಸುವ ಬಟ್ಟೆಯನ್ನು ಅಜ್ಜಿ ಮನೆಯಿಂದಲೇ ತಂದಿದ್ದಾರೆ. ನೋಡಿದವರು ಇದಪ್ಪಾ ಶ್ರಾವಕರ ಮನೆಯ ಮಂಗಳಕಾರ್ಯ ಎನ್ನಬೇಕು, ಹಾಗಿದೆ ಏರ್ಪಾಡು.

ರಾತ್ರಿ ಹತ್ತರ ಹೊತ್ತಿಗೆ ಗಂಡಸರಷ್ಟೇ ತಾರಸಿಗೆ ಏರುತ್ತಾರೆ. ವರನ ಸೋದರಮಾವ ದುಬೈ ವಿಮಾನ ನಿಲ್ದಾಣದಲ್ಲಿ ಕೊಂಡು ತಂದ ಮರದ ಪೆಟ್ಟಿಗೆಯ ಮುಚ್ಚಳ ತೆರೆಯುತ್ತಾರೆ. ಒಳಗೆ ಸಾಲಾಗಿ ಜೋಡಿಸಿದ ಕ್ಯೂಬಾದ ಸಿಗಾರ್‌ಗಳು. ಒಂದೊಂದಕ್ಕೂ ಬಣ್ಣದ ಕಾಗದದ ಉಂಗುರ. ವರನ ತಮ್ಮ ಇಪ್ಪತ್ತಮೂರರ ಹುಡುಗ. ಈವರೆಗೆ ಸಿಗರೇಟನ್ನು ಮುಟ್ಟಿದವನಲ್ಲ. ಮಾವ ಒಂದನ್ನು ಕತ್ತರಿಸಿ ಅವನ ಕೈಗಿಡುತ್ತಾರೆ.

"ತಗೋ, ಹೆದರಬ್ಯಾಡ. ಇದು ಬೀಡಿ ಅಲ್ಲ, ಕ್ಯೂಬಾದ್ದು."

"ಬ್ಯಾಡ ಮಾಮಾ."

"ಹಿರ್ಯಾರು ಕೊಟ್ಟಾಗ ಒಲ್ಲೆ ಅನಬಾರದು."

ಹತ್ತು ನಿಮಿಷದಲ್ಲಿ ಹುಡುಗನ ಹಣೆಯಲ್ಲಿ ತಣ್ಣನೆಯ ಬೆವರು. ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಬಚ್ಚಲುಮನೆಗೆ ಓಡಿ ಸಂಜೆಯ ಸಾತ್ವಿಕ ಊಟವನ್ನೆಲ್ಲ ಕಾರಿಕೊಳ್ಳುತ್ತಾನೆ. ತಾರಸಿಯಲ್ಲಿ ನಗು. "ಮೊದಲ ಸಲ ಹಂಗ. ಬಾಯಾಗ ಒಂದು ಚಮಚ ಸಕ್ರಿ ಹಾಕ್ಕೋ" ಎಂದು ಯಾರೋ ಉಪಾಯ ಹೇಳುತ್ತಾರೆ. ಹೊಗೆಯ ಹಿಂದೆ ಅವನ ಬಿಳಿಚಿದ ಮುಖವಿರುವ ಚಿತ್ರ ಅಷ್ಟರಲ್ಲಿ ಕುಟುಂಬದ ವಾಟ್ಸ್ಆ್ಯಪ್ ಬಳಗವನ್ನು ತಲುಪಿರುತ್ತದೆ. ಅದೇ ಮನೆಯ ವ್ಯವಹಾರದ ಲೆಕ್ಕಪತ್ರಗಳನ್ನೆಲ್ಲ ನೋಡಿಕೊಳ್ಳುವ ಅವನ ಅಕ್ಕ ಕೆಳಗಿನ ಸಭಾಂಗಣದಲ್ಲಿ ಹೆಂಗಸರ ನಡುವೆ ಕುಳಿತಿದ್ದಾಳೆ. ಮೇಲೆ ಅವಳಿಗೆ ಕರೆಯಿಲ್ಲ.

ಇಂಥ ದೃಶ್ಯ ಒಂದು ಮನೆಗೋ ಒಂದು ನಗರಕ್ಕೋ ಸೇರಿದ್ದಲ್ಲ. ಮುಂಬಯಿ, ಹೈದರಾಬಾದ್, ಚೆನ್ನೈಗಳಲ್ಲಿ ನೆಲೆಸಿದ ಕನ್ನಡ ಜೈನರ ಅನುಕೂಲಸ್ಥ ಮನೆಗಳಿಗೆ ಇದರ ಪರಿಚಯವಿದೆ. ಇಲ್ಲಿ ತಪ್ಪಿತಸ್ಥ ಹುಡುಗನಲ್ಲ. ಅವನ ದೇಹ ಹತ್ತೇ ನಿಮಿಷದಲ್ಲಿ ಸತ್ಯ ಹೇಳಿತು. ಆ ಸತ್ಯವನ್ನು ನಂಬಬೇಡ ಎಂದು ಕಲಿಸಿದವರು ಹಿರಿಯರು. ಸಮಾಜ ಪ್ರಶ್ನಿಸಬೇಕಾದದ್ದು ಹೊಗೆ ಎಳೆದ ಬಾಯಿಯನ್ನಲ್ಲ, ಪೆಟ್ಟಿಗೆ ತೆರೆದ ಕೈಯನ್ನು.

ಆ ಕೈಯ ಬಳಿ ನಾಲ್ಕು ಸಮರ್ಥನೆಗಳು ಸದಾ ಸಿದ್ಧವಾಗಿರುತ್ತವೆ. ಒಂದೊಂದನ್ನೂ ಲೆಕ್ಕ ತಪಾಸಣೆಗೆ ಒಡ್ಡುವುದು ಉಚಿತ.

ಮೊದಲನೆಯದು: "ಸಿಗಾರ್ ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿಟ್ಟು ಬಿಡುತ್ತಾರೆ. ಆದ್ದರಿಂದ ಅಪಾಯವಿಲ್ಲ." ಎಳೆದುಕೊಳ್ಳುವುದಿಲ್ಲ ಎಂಬುದು ಬಹುಮಟ್ಟಿಗೆ ನಿಜ, ಅಪಾಯವಿಲ್ಲ ಎಂಬುದು ಸುಳ್ಳು. ಗಾಳಿಯಲ್ಲಿ ಒಣಗಿಸಿ ಹುದುಗು ಬರಿಸಿದ ಸಿಗಾರ್ ಎಲೆಯ ಹೊಗೆ ಕ್ಷಾರಗುಣದ್ದು. ಆ ಗುಣದಿಂದಾಗಿಯೇ ನಿಕೋಟಿನ್ ಶ್ವಾಸಕೋಶದವರೆಗೆ ಹೋಗಬೇಕಾಗಿಲ್ಲ. ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಒಂದು ಸಿಗರೇಟಿನಲ್ಲಿರುವ ಹೊಗೆಸೊಪ್ಪು ಒಂದು ಗ್ರಾಮಿಗಿಂತ ಕಡಿಮೆ. ದೊಡ್ಡ ಸಿಗಾರ್ ಒಂದರಲ್ಲಿ ಇಡೀ ಪೊಟ್ಟಣದ ಸಿಗರೇಟುಗಳಷ್ಟು ಸೊಪ್ಪು ಇರಬಹುದು. ಅದನ್ನು ಸೇದಿ ಮುಗಿಸಲು ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ಸಿಗಾರ್ ಕುರಿತು ಪ್ರತ್ಯೇಕ ಗ್ರಂಥವನ್ನು ಹೊರತಂದು, ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೂ ಸಿಗಾರಿಗೂ ಇರುವ ನಂಟನ್ನು ವಿವರಿಸಿದೆ. ತಾರಸಿಯ ಮೇಲೆ ಹುಡುಗ ಬೆವರಿದ್ದು ಅವನು 'ಸರಿಯಾಗಿ ಸೇದಲು' ಬಾರದವನೆಂಬ ಕಾರಣಕ್ಕಲ್ಲ. ಅದು ನಿಕೋಟಿನ್ ಎಂಬ ವಿಷದ ಸಹಜ ಲಕ್ಷಣ. ಸಕ್ಕರೆಯ ಚಮಚ ಆ ಲಕ್ಷಣವನ್ನು ತುಸು ಮರೆಸಬಹುದು, ವಿಷವನ್ನು ತೆಗೆಯುವುದಿಲ್ಲ.

ಎರಡನೆಯದು ಹೆಚ್ಚು ಜಾಣತನದ್ದು: "ಸಪ್ತವ್ಯಸನಗಳಲ್ಲಿ ಹೊಗೆಸೊಪ್ಪಿನ ಹೆಸರಿಲ್ಲ." ಹೌದು, ಇಲ್ಲ. ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ ಎಂಬ ಏಳರಲ್ಲಿ ಅದು ಇರಲು ಸಾಧ್ಯವೂ ಇರಲಿಲ್ಲ. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಕೊಲಂಬಸನ ಜೊತೆಗಾರರು ಎಲೆಯನ್ನು ಸುರುಳಿ ಸುತ್ತಿ ಹೊಗೆ ಎಳೆಯುವ ತೈನೊ ಜನರನ್ನು ಕಂಡದ್ದು 1492ರಲ್ಲಿ, ಇದೇ ಕ್ಯೂಬಾದಲ್ಲಿ. ಭಾರತಕ್ಕೆ ಆ ಗಿಡ ಬಂದದ್ದು ಆಮೇಲೆ, ಪೋರ್ಚುಗೀಸರ ಹಡಗುಗಳಲ್ಲಿ. ಪಟ್ಟಿ ಮಾಡಿದ ಆಚಾರ್ಯರು ಕಂಡರಿಯದ ಗಿಡವನ್ನು ಪಟ್ಟಿಯಲ್ಲಿ ಹುಡುಕಿ, ಸಿಗಲಿಲ್ಲವೆಂದು ಸಂತೋಷಪಡುವುದು, ಕಾಯಿದೆಯಲ್ಲಿ ತನ್ನ ವಹಿವಾಟಿನ ಹೆಸರಿಲ್ಲವಾದ್ದರಿಂದ ತೆರಿಗೆಯೂ ಇಲ್ಲವೆಂದು ವಾದಿಸುವವನ ಬುದ್ಧಿವಂತಿಕೆ. ಲೆಕ್ಕಶಾಸ್ತ್ರದಲ್ಲಿ ರೂಪಕ್ಕಿಂತ ತಿರುಳು ಮುಖ್ಯ ಎಂಬ ನಿಯಮವಿದೆ. ಧರ್ಮಶಾಸ್ತ್ರದಲ್ಲಿ ಅದಕ್ಕೂ ಮೊದಲೇ ಇದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಹೇಳುವ ಅನರ್ಥದಂಡವಿರತಿ, ಅಂದರೆ ಯಾವ ಪ್ರಯೋಜನವೂ ಇಲ್ಲದ ಹಿಂಸೆಯಿಂದ ದೂರವಿರುವ ವ್ರತ, ಮತ್ತೆ ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವ ವ್ರತ, ಇವೆರಡೂ ಸಿಗಾರಿನ ಹೆಸರು ಹೇಳದೆಯೇ ಅದರ ಕುರಿತು ತೀರ್ಪು ಕೊಟ್ಟಾಗಿದೆ.

ಪ್ರಯೋಜನವಿಲ್ಲದ ಹಿಂಸೆ ಎಂಬ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. ಸಿಗಾರ್ ಎಲೆಯಲ್ಲಿ ಮೊಟ್ಟೆಯಿಡುವ, ಎಲೆಯನ್ನೇ ತಿಂದು ಬೆಳೆಯುವ ಒಂದು ಸಣ್ಣ ಜೀರುಂಡೆಯಿದೆ. ಸಿಗಾರ್ ಕೆಡದಂತೆ ಇಡುವ ಹ್ಯೂಮಿಡಾರ್ ಎಂಬ ಪೆಟ್ಟಿಗೆಯಲ್ಲಿ ಶೇ. 65ರಿಂದ 70ರಷ್ಟು ತೇವವನ್ನು ಕಾಯ್ದುಕೊಳ್ಳಬೇಕು. ಅಲ್ಲಿ ಶಾಖ ತುಸು ಹೆಚ್ಚಾದರೆ ಮೊಟ್ಟೆಗಳು ಒಡೆದು ಮರಿಗಳು ಸಿಗಾರನ್ನು ಕೊರೆಯುತ್ತವೆ. ಅವನ್ನು ಕೊಲ್ಲಲು ಸಿಗಾರ್‌ಗಳನ್ನು ದಿನಗಟ್ಟಲೆ ಶೈತ್ಯಪೆಟ್ಟಿಗೆಯಲ್ಲಿ ಘನೀಕರಿಸುವುದು ಸಂಗ್ರಹಕಾರರ ರೂಢಿ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಕ್ಕೆ ಬಟ್ಟೆ ಹಿಡಿದ ಮನೆಯಲ್ಲಿ, ಕಣ್ಣಿಗೆ ಕಾಣುವ ತ್ರಸಜೀವವನ್ನು ವಿಲಾಸಕ್ಕಾಗಿ ಹೆಪ್ಪುಗಟ್ಟಿಸುವ ಪೆಟ್ಟಿಗೆ ಪ್ರತಿಷ್ಠೆಯ ವಸ್ತುವಾಗುವುದಾದರೆ, ಅಜ್ಜಿಯ ಸೋಸುಬಟ್ಟೆಗೆ ಆ ಮನೆಯಲ್ಲಿ ಉಳಿದ ಅರ್ಥವೇನು?

ಮೂರನೆಯ ಸಮರ್ಥನೆಗೆ ಸ್ವಲ್ಪ ಗೌರವ ಸಲ್ಲಬೇಕು: "ಇದು ಚಟವಲ್ಲ, ಕಲೆ. ಕೈಯಿಂದ ಮಾಡಿದ್ದು." ಕೈಗೆಲಸದ ಮಟ್ಟಿಗೆ ಇದು ನಿಜ. ಕ್ಯೂಬಾದ ಪಶ್ಚಿಮದ ಪಿನಾರ್ ದೆಲ್ ರಿಯೊ ಪ್ರಾಂತದಲ್ಲಿ ವುಯೆಲ್ತಾ ಅಬಾಹೊ ಎಂಬ ಕೆಮ್ಮಣ್ಣಿನ ಸೀಮೆಯಿದೆ. ಅಲ್ಲಿ ಹೊರಹೊದಿಕೆಯ ಎಲೆಗಳನ್ನು ಬಿಸಿಲು ತಾಗದಂತೆ ತೆಳುಬಟ್ಟೆಯ ಚಪ್ಪರದಡಿ ಬೆಳೆಯುತ್ತಾರೆ. ಕೊಯ್ದ ಎಲೆಯನ್ನು ಬ್ಯಾರನ್‌ಗಳಲ್ಲಿ ತೂಗುಹಾಕಿ ಒಣಗಿಸಿ, ರಾಶಿ ಹಾಕಿ ಹುದುಗು ಬರಿಸುತ್ತಾರೆ. ಹವಾನಾದ ಕಾರ್ಖಾನೆಗಳಲ್ಲಿ ಸಾಲು ಬೆಂಚುಗಳ ಮೇಲೆ ಕುಳಿತ ಕೆಲಸಗಾರರು ಒಳತುಂಬು, ಕಟ್ಟು, ಹೊದಿಕೆ ಎಂದು ಮೂರು ಬಗೆಯ ಎಲೆಗಳನ್ನು ಜೋಡಿಸಿ ಸುತ್ತುತ್ತಾರೆ. ಅವರಲ್ಲಿ ಹೆಂಗಸರ ಸಂಖ್ಯೆ ದೊಡ್ಡದು. 1865ರಿಂದ ಅಲ್ಲಿ ಇನ್ನೊಂದು ಪದ್ಧತಿ ಬೆಳೆದುಬಂತು. ಕೆಲಸ ನಡೆಯುತ್ತಿರುವಾಗ ಎತ್ತರದ ಪೀಠದಲ್ಲಿ ಕುಳಿತ ಓದುಗನೊಬ್ಬ ದಿನಪತ್ರಿಕೆಯನ್ನೂ ಕಾದಂಬರಿಗಳನ್ನೂ ಗಟ್ಟಿಯಾಗಿ ಓದಿ ಹೇಳುತ್ತಾನೆ. ಹಿಂದೆ ಆ ಓದುಗನ ಸಂಬಳವನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಹಾಗೆ ಕೇಳಿ ಕಲಿತವರೇ ಸ್ಪೇನಿನ ಆಳ್ವಿಕೆಯ ವಿರುದ್ಧ ಎದ್ದುನಿಂತರು. ಹೊಸೆ ಮಾರ್ತಿ 1891ರಲ್ಲಿ ಫ್ಲಾರಿಡಾದ ಟ್ಯಾಂಪಾಕ್ಕೆ ಹೋಗಿ ಬೆಂಬಲ ಕೇಳಿದಾಗ ಓಗೊಟ್ಟವರಲ್ಲಿ ಅಲ್ಲಿನ ಸಿಗಾರ್ ಕೆಲಸಗಾರರು ಮುಂದಿನ ಸಾಲಿನಲ್ಲಿದ್ದರು. ಆ ಕೈಗಳಿಗೆ, ಆ ಕಿವಿಗಳಿಗೆ ನಮಸ್ಕಾರ ಸಲ್ಲಲೇಬೇಕು.

ಆದರೆ ತಾರಸಿಯ ಮೇಲೆ ನಮಸ್ಕಾರ ಸಲ್ಲುವುದು ಅವರಿಗಲ್ಲ; ಕಾಗದದ ಉಂಗುರಕ್ಕೆ ಮತ್ತು ಬೆಲೆಗೆ. ಈ ಬೆಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ವ್ಯಾಪಾರಿ ಸಮಾಜವೊಂದು ಅರಿಯದಿರುವುದು ಸೋಜಿಗ. ಕ್ರಾಂತಿಯ ನಂತರ, 1960ರಲ್ಲಿ, ಕ್ಯೂಬಾದ ಸಿಗಾರ್ ಕಾರ್ಖಾನೆಗಳು ಸರ್ಕಾರದ ವಶವಾದವು. 1962ರಲ್ಲಿ ಅಮೆರಿಕ ದಿಗ್ಬಂಧನ ಹೇರಿತು. ಆಜ್ಞೆಗೆ ಸಹಿ ಹಾಕುವ ಮುನ್ನ ಅಧ್ಯಕ್ಷ ಕೆನಡಿ ತನಗಾಗಿ ಸಾವಿರಕ್ಕೂ ಹೆಚ್ಚು ಕ್ಯೂಬನ್ ಸಿಗಾರ್‌ಗಳನ್ನು ಹುಡುಕಿ ತರಿಸಿಕೊಂಡರೆಂದು ಅವರ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್ ಅವರೇ ಮುಂದೆ ಬರೆದರು. ಸಿರಿವಂತ ದೇಶವೊಂದು ತನಗೆ ತಾನೇ ನಿಷೇಧಿಸಿಕೊಂಡ ವಸ್ತುವಿಗೆ ಆಕರ್ಷಣೆ ಹೆಚ್ಚಿತು. ಭಾರತಕ್ಕೂ ಕ್ಯೂಬಾಕ್ಕೂ ನಡುವೆ ಅಂಥ ದಿಗ್ಬಂಧನವೇ ಇಲ್ಲ. ಪುಣೆಯ ತಾರಸಿಯಲ್ಲಿ ಹೊಗೆಯಾಡುವುದು ಅಮೆರಿಕದವರಿಂದ ಎರವಲು ತಂದ ಆಸೆ.

ಇಂದು ಕ್ಯೂಬಾದ ಸಿಗಾರ್‌ಗಳನ್ನು ಜಗತ್ತಿಗೆ ಮಾರುವ ಹಬಾನೋಸ್ ಕಂಪನಿಯಲ್ಲಿ ಅರ್ಧ ಪಾಲು ಕ್ಯೂಬಾ ಸರ್ಕಾರದ್ದು, ಇನ್ನರ್ಧ ವಿದೇಶಿ ಹೂಡಿಕೆದಾರರದ್ದು. 2022ರಲ್ಲಿ ಆ ಕಂಪನಿ ಕೊಹಿಬಾ ಮತ್ತು ಟ್ರಿನಿಡಾಡ್ ಬ್ರ್ಯಾಂಡ್‌ಗಳ ಬೆಲೆಯನ್ನು ಜಗತ್ತಿನೆಲ್ಲೆಡೆ ಹಾಂಕಾಂಗ್ ಮಾರುಕಟ್ಟೆಯ ಮಟ್ಟಕ್ಕೆ ಏರಿಸಿತು. ಹಲವು ದೇಶಗಳಲ್ಲಿ ಬೆಲೆ ಇಮ್ಮಡಿಯನ್ನೂ ಮೀರಿತು. ಎಲೆ ಅದೇ, ಸುತ್ತುವ ಕೈಯೂ ಅದೇ. ಕೊಳ್ಳುವವನ ಪ್ರತಿಷ್ಠೆಯ ಹಸಿವನ್ನು ಅಳೆದು ದರ ನಿಗದಿಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊಕ್ಕೆ ಅಪ್ಪಳಿಸಿ ಎಲೆ ಒಣಗಿಸುವ ಸಾವಿರಾರು ಬ್ಯಾರನ್‌ಗಳನ್ನು ಕೆಡವಿತು. ಕಂಪನಿಯ ಮಾರಾಟ 2024ರಲ್ಲಿ 82 ಕೋಟಿ ಡಾಲರಿನ ಗಡಿ ದಾಟಿತು. ಅದೇ 2024ರ ಅಕ್ಟೋಬರಿನಲ್ಲಿ ಕ್ಯೂಬಾದ ವಿದ್ಯುತ್ ಜಾಲ ಕುಸಿದು ಇಡೀ ದೇಶ ಕತ್ತಲಲ್ಲಿ ಕುಳಿತಿತು. ಉಂಗುರಕ್ಕೆ ತೆತ್ತ ಹಣ ಎಲೆ ಬೆಳೆದವನ ಮನೆಯ ದೀಪವನ್ನು ಹಚ್ಚಲಿಲ್ಲ.

ಇದಕ್ಕಿಂತ ದೊಡ್ಡ ವ್ಯಂಗ್ಯ ಹವಾನಾದ ವಾರ್ಷಿಕ ಸಿಗಾರ್ ಉತ್ಸವದಲ್ಲಿದೆ. ಉತ್ಸವದ ಕೊನೆಯ ರಾತ್ರಿ ಅಲಂಕೃತ ಹ್ಯೂಮಿಡಾರ್‌ಗಳ ಹರಾಜು ನಡೆಯುತ್ತದೆ. 2023ರಲ್ಲಿ ಈ ಹರಾಜಿನಿಂದ 1 ಕೋಟಿ ಯೂರೋಗಿಂತ ಹೆಚ್ಚು ಹಣ ಬಂತು. ಆ ಹಣ ಕ್ಯೂಬಾದ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಸಲ್ಲುತ್ತದೆಂದು ಘೋಷಣೆ. ಸಿಗಾರ್ ಮಾರಿ ಆಸ್ಪತ್ರೆ ನಡೆಸುವ ಈ ಲೆಕ್ಕದಲ್ಲಿ ಜಮೆ ಮತ್ತು ಖರ್ಚು ಎರಡೂ ಒಂದೇ ಪುಟದಲ್ಲಿವೆ. ಇನ್ನು ಕೊಹಿಬಾದ ಕಥೆ. ಅದು 1966ರಲ್ಲಿ ಫಿಡೆಲ್ ಕ್ಯಾಸ್ಟ್ರೊ ಮತ್ತು ಅವರ ಅತಿಥಿಗಳಿಗಾಗಿಯೇ ಹುಟ್ಟಿದ ಸಿಗಾರ್. ಕ್ಯಾಸ್ಟ್ರೊ ಜನರ ಆರೋಗ್ಯದ ಆಂದೋಲನಕ್ಕೆ ಮೇಲ್ಪಂಕ್ತಿಯಾಗಲೆಂದು 1985ರಲ್ಲಿ ಹೊಗೆ ಬಿಟ್ಟರು. ಯಾರ ತುಟಿಗಾಗಿ ಆ ಸಿಗಾರ್ ತಯಾರಾಯಿತೋ ಅವರೇ ತೊರೆದದ್ದನ್ನು, ಯಾವ ಸಂಬಂಧವೂ ಇಲ್ಲದ ಹುಡುಗನ ತುಟಿಗೆ ಸೋದರಮಾವ ಇಡುತ್ತಾರೆ.

ಇಷ್ಟಾಗಿ ಪೆಟ್ಟಿಗೆಯಲ್ಲಿರುವುದು ಕ್ಯೂಬಾದ್ದೇ ಎಂಬ ಖಾತರಿಯಾದರೂ ಉಂಟೇ? ನಕಲಿ ಕ್ಯೂಬನ್ ಸಿಗಾರ್‌ಗಳ ವ್ಯಾಪಾರ ದೊಡ್ಡದು. ಪ್ರವಾಸಿಗರಿಗೆಂದೇ ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಕೊಹಿಬಾದ ಉಂಗುರ ತೊಡಿಸಿದ ಕಳಪೆ ಸುರುಳಿಗಳು ಬಿಕರಿಯಾಗುತ್ತವೆ. ಮೊದಲ ಬಾರಿ ಸೇದುವವನಿಗೆ ಅಸಲಿ ನಕಲಿಯ ಭೇದ ತಿಳಿಯುವ ಬಗೆಯೇ ಇಲ್ಲ. ಆದರೂ ಅವನು "ಆಹಾ" ಎನ್ನಲೇಬೇಕು, ಏಕೆಂದರೆ ಸುತ್ತಲಿದ್ದವರು "ಆಹಾ" ಎಂದಾಗಿದೆ. ಮಂಡಿಯಲ್ಲಿ ಒಂದು ಮೂಟೆ ಮೆಣಸಿನಕಾಯಿಯನ್ನು ಚೀಲ ಬಿಚ್ಚಿ ನೋಡದೆ ಕೊಳ್ಳದವರು ಇಲ್ಲಿ ಉಂಗುರ ನೋಡಿ ತಲೆಬಾಗುತ್ತಾರೆ.

ಕೈಗೆಲಸದ ಮಾತು ಬಂದಮೇಲೆ ಊರಿನ ನೆನಪನ್ನೂ ಮಾಡಿಕೊಳ್ಳಬೇಕು. ಪುಣೆ, ಮುಂಬಯಿಗಳಲ್ಲಿ ನೆಲೆಸಿದ ಎಷ್ಟೋ ಕನ್ನಡ ಜೈನ ಕುಟುಂಬಗಳ ಬೇರು ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ ಸೀಮೆಯಲ್ಲಿದೆ. ನಿಪ್ಪಾಣಿ ಹೊಗೆಸೊಪ್ಪಿನ ಊರು. 1981ರಲ್ಲಿ ಸೊಪ್ಪಿಗೆ ನ್ಯಾಯವಾದ ಬೆಲೆ ಕೇಳಿ ಶರದ್ ಜೋಶಿಯವರ ನಾಯಕತ್ವದಲ್ಲಿ ಹೆದ್ದಾರಿಯಲ್ಲಿ ಕುಳಿತ ರೈತರ ಮೇಲೆ ಗುಂಡು ಹಾರಿತು, ಜೀವಗಳು ಹೋದವು. ಅಲ್ಲಿನ ಹೆಂಗಸರು ತೊಡೆಯ ಮೇಲೆ ಮೊರವಿಟ್ಟುಕೊಂಡು, ಎಲೆ ಕತ್ತರಿಸಿ, ಪುಡಿ ತುಂಬಿ, ದಾರ ಕಟ್ಟಿ ಬೀಡಿ ಸುತ್ತುತ್ತಾರೆ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಸೊಪ್ಪಿನ ಧೂಳು ಅವರ ಎದೆಯಲ್ಲಿ ಕೂರುತ್ತದೆ. ಅದೂ ಕೈಗೆಲಸವೇ, ಆ ಬೆರಳುಗಳ ವೇಗ ಹವಾನಾದ ಬೆರಳುಗಳಿಗೆ ಕಡಿಮೆಯದಲ್ಲ. ಆದರೆ ಅದನ್ನು ಯಾರೂ ಕಲೆ ಎನ್ನಲಿಲ್ಲ. ಮನೆಯ ಕಾರು ಚಾಲಕ ಬೀಡಿ ಹಚ್ಚಿದರೆ "ಗೇಟಿನ ಹೊರಗ ಹೋಗಿ ಸೇದು" ಎಂದು ಗದರುವ ಸೋದರಮಾವ, ತಾವೇ ತಾರಸಿಯಲ್ಲಿ ಅದೇ ಗಿಡದ ಎಲೆಯನ್ನು ಸಾವಿರಾರು ರೂಪಾಯಿ ತೆತ್ತು ಸುಡುತ್ತಾರೆ. ಬೀಡಿಯನ್ನು ಎತ್ತಿ ಹಿಡಿಯಬೇಕೆಂದು ಈ ಮಾತಿನ ಅರ್ಥವಲ್ಲ, ಎರಡೂ ಕೊಲ್ಲುತ್ತವೆ. ಬಡವನ ಹೊಗೆ ಕೊಳಕು, ಶ್ರೀಮಂತನ ಹೊಗೆ ಸಂಸ್ಕೃತಿ ಎಂಬ ತಕ್ಕಡಿ ಮೋಸದ್ದು ಎಂಬುದಷ್ಟೇ ಅರ್ಥ. ತೂಕದಲ್ಲಿ ಮೋಸ ಮಾಡುವುದು ಅಚೌರ್ಯಾಣುವ್ರತದ ಅತಿಚಾರವೆಂಬುದನ್ನು ವ್ಯಾಪಾರಿಗಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ನಾಲ್ಕನೆಯ ಸಮರ್ಥನೆ ಎರಡು ತಲೆಯದು: "ಒಂದೇ ಸಲ ತಾನೆ? ಅದೂ ವ್ಯವಹಾರಕ್ಕಾಗಿ." ವಿದೇಶದಿಂದ ಬರುವ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದ ಸಿಗಾರ್‌ಗಳ ಮಿತಿ 25. ಕ್ಯೂಬಾದ ಸಾಂಪ್ರದಾಯಿಕ ಪೆಟ್ಟಿಗೆಯಲ್ಲಿರುವುದೂ 25. ಮೊದಲ ಸಲದ್ದು ಒಂದಾದರೆ ಉಳಿದ 24 ಯಾವ ಸಲಕ್ಕೆ? ನಿಕೋಟಿನ್ ಒಂದನ್ನು ಎರಡನೆಯದಕ್ಕೆ ಜೋಡಿಸುವ ವಸ್ತು. ಅದರ ವ್ಯಾಪಾರವೆಲ್ಲ ನಿಂತಿರುವುದು ಆ ಜೋಡಣೆಯ ಮೇಲೆ. ವ್ಯವಹಾರದ ಮಾತಾದರೆ, ಪೆಟ್ಟಿಗೆಯ ಖರ್ಚನ್ನು 'ಬಿಸಿನೆಸ್ ಪ್ರಮೋಷನ್' ಖಾತೆಗೆ ಹಾಕಿಸುವ ಮನೆಗಳೂ ಉಂಟು. ಸ್ವಂತದ ಖರ್ಚು ವ್ಯವಹಾರದ ಖರ್ಚಾಗದೆಂದು ಆದಾಯ ತೆರಿಗೆಯ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಸ್ವಂತ ಬಳಕೆಯ ಸರಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಲ್ಲದೆಂದು ಜಿಎಸ್‌ಟಿ ಕಾಯಿದೆ ಹೇಳುತ್ತದೆ. ಹೊಗೆಯ ಜೊತೆಗೆ ಸುಳ್ಳು ಲೆಕ್ಕವೂ ಮನೆ ಹೊಕ್ಕಿತು.

ಹೆಚ್ಚಿನ ನಷ್ಟ ಯಾವ ಖಾತೆಯಲ್ಲೂ ಕಾಣಿಸದು. ತಾರಸಿಯ ಹೊಗೆಯಲ್ಲೇ ಪಾಲುದಾರಿಕೆಯ ಮಾತು ನಡೆಯುತ್ತದೆ. ಯಾರ ಸರಕು ಯಾರಿಗೆ, ಯಾವ ಜಾಗ ಯಾವ ದರಕ್ಕೆ, ಯಾವ ಹುಡುಗನಿಗೆ ಯಾವ ಶಾಖೆ ಎಂಬುದೆಲ್ಲ ಒಂದೂವರೆ ಗಂಟೆಯ ಸಿಗಾರ್ ಮುಗಿಯುವುದರೊಳಗೆ ತೀರ್ಮಾನವಾಗುತ್ತದೆ. ಒಲ್ಲೆ ಎಂದ ಹುಡುಗ ಆ ವಲಯದಿಂದ ಹೊರಗೆ. ಒಲ್ಲೆ ಎನ್ನುವ ಅವಕಾಶವೂ ಇಲ್ಲದ ಅಕ್ಕ ಮೊದಲೇ ಹೊರಗೆ. ಮನೆಯ ಬಂಡವಾಳ ಎಷ್ಟು, ಸಾಲ ಎಷ್ಟು, ಯಾವ ಶಾಖೆ ನಷ್ಟದಲ್ಲಿದೆ ಎಂದು ಅಲ್ಲಿದ್ದವರಿಗಿಂತ ಚೆನ್ನಾಗಿ ಬಲ್ಲವಳು ಅವಳು. ವಿದ್ಯೆಯಲ್ಲಿ ಹೆಣ್ಣುಮಕ್ಕಳನ್ನು ಮುಂದೆ ತಂದೆವೆಂದು ಸಮ್ಮೇಳನಗಳಲ್ಲಿ ಹೆಮ್ಮೆಪಡುವ ಸಮಾಜ, ನಿರ್ಣಯದ ಜಾಗವನ್ನು ಮಾತ್ರ ಹೊಗೆಯ ಪರದೆಯ ಹಿಂದೆ ಬಚ್ಚಿಟ್ಟಿದೆ.

ಹಾಗೆಂದು ಬಹಿಷ್ಕಾರ, ದಂಡ, ಪಂಚಾಯಿತಿ ಯಾವುದೂ ಬೇಡ. ವಯಸ್ಕನಾದವನು ತನ್ನ ಹಣದಿಂದ, ತನ್ನ ಇಚ್ಛೆಯಿಂದ, ಇತರರಿಗೆ ಹೊಗೆ ತಾಗದ ಕಡೆ ಏನು ಮಾಡಿದರೂ ಅದು ಅವನಿಗೂ ಅವನ ಕರ್ಮಕ್ಕೂ ಬಿಟ್ಟದ್ದು. ಅಪೇಕ್ಷೆಗಳು ಮೂರೇ, ಮೂರೂ ಹಿರಿಯರ ಮೇಲಿನವು. ಮೊದಲನೆಯದು, ಯಾವ ಹಿರಿಯರೂ ಕಿರಿಯರ ಕೈಗೆ ಮೊದಲ ಸಿಗಾರನ್ನು ಇಡಕೂಡದು. ಹಿರಿತನದ ಗೌರವವನ್ನು ವಿಷ ಕುಡಿಸುವ ಒತ್ತಡವಾಗಿ ಬಳಸುವುದು ಹಿರಿತನಕ್ಕೇ ಅವಮಾನ. ಎರಡನೆಯದು, ಸಿಗಾರ್ ಮೇಜು ಇರುವ ಸಮಾರಂಭಕ್ಕೆ ಜೈನ ಸಂಘಗಳ ಪದಾಧಿಕಾರಿಗಳು ಹೋಗಕೂಡದು. ಹೋದಲ್ಲಿ ಮೇಜು ಕಂಡರೆ ಊಟ ಮಾಡದೆ ಮರಳಬೇಕು. ದಶಲಕ್ಷಣ ಪರ್ವದಲ್ಲಿ ಸಂಯಮಧರ್ಮದ ಪ್ರವಚನ ಏರ್ಪಡಿಸುವವರಿಗೆ ಇದು ಭಾರವಾಗಬಾರದು. ಮೂರನೆಯದು, ಮನೆಯ ವ್ಯವಹಾರದ ಮಾತು ಮನೆಯ ವಿದ್ಯಾವಂತ ಹೆಣ್ಣುಮಕ್ಕಳೂ ಕುಳಿತಿರುವ ಮೇಜಿನಲ್ಲಿ, ಹಗಲು ಬೆಳಕಿನಲ್ಲಿ, ಲೆಕ್ಕದ ಪುಸ್ತಕ ತೆರೆದಿಟ್ಟುಕೊಂಡು ನಡೆಯಬೇಕು.

ಮುಖ ತೊಳೆದುಕೊಂಡ ಹುಡುಗ ಕೆಳಗಿಳಿದು ಬಂದಾಗ ಅಕ್ಕ ಏನನ್ನೂ ಕೇಳದೆ ಒಂದು ಲೋಟ ಸೋಸಿದ ನೀರು ಕೊಡುತ್ತಾಳೆ. ಕೆಲವು ವರ್ಷಗಳ ನಂತರ ಅವನೂ ಯಾರದೋ ಸೋದರಮಾವನಾಗುತ್ತಾನೆ. ಅವನ ಕೈಯಲ್ಲಿ ಆಗ ಮರದ ಪೆಟ್ಟಿಗೆ ಇರಬೇಕೇ, ಆ ನೀರಿನ ಲೋಟ ಇರಬೇಕೇ ಎಂಬುದನ್ನು ಇಂದಿನ ಸೋದರಮಾವಂದಿರು ತೀರ್ಮಾನಿಸಬೇಕು.